ಹಳೇ ಗೋವಾ: ಊರು ಹೋಯಿತು, ಇಗರ್ಜಿ ಉಳಿಯಿತು

ಹಳೇ ಗೋವಾದಲ್ಲಿ ಬಸ್ಸಿಳಿದರೆ ಎಲ್ಲವೂ ಕಾಣುತ್ತದೆ, ಊರೊಂದನ್ನು ಬಿಟ್ಟು. ಗಾಂಧಿ ಸರ್ಕಲ್ ಇದೆ. ಎಳನೀರಿನ ಗಾಡಿಗಳಿವೆ, ಟೊಪ್ಪಿ ಮಾರುವವರಿದ್ದಾರೆ, ನೀಟಾಗಿ ಕತ್ತರಿಸಿದ ಹುಲ್ಲುಹಾಸು ಇದೆ. ಅದರ ನಡುವೆ ಒಂದನ್ನೊಂದು ಮೀರಿಸುವ ದೊಡ್ಡ ದೊಡ್ಡ ಚರ್ಚುಗಳು. ಆದರೆ ಆ ಚರ್ಚುಗಳಿಗೆ ಬರುತ್ತಿದ್ದ ಜನರ ಮನೆಗಳು ಎಲ್ಲಿ? ಪೇಟೆಬೀದಿ ಎಲ್ಲಿ? ಇದು ಆಫ್ರಿಕದ ಪೂರ್ವ ಕರಾವಳಿಯಿಂದ ಚೀನಾದ ಮಕಾವ್ ತನಕ ಹರಡಿದ್ದ ಪೋರ್ಚುಗೀಸ್ ಆಳ್ವಿಕೆಯ ರಾಜಧಾನಿ. ಒಳ್ಳೆಯ ಕಾಲದಲ್ಲಿ ಇಲ್ಲಿ ಎರಡು ಲಕ್ಷದ ಹತ್ತಿರ ಜನ ಇದ್ದರು ಎನ್ನುತ್ತಾರೆ. ಗೋವಾ ನೋಡಿದವನಿಗೆ ಲಿಸ್ಬನ್ ನೋಡುವ ಅಗತ್ಯವಿಲ್ಲ ಎಂದು ಪೋರ್ಚುಗೀಸರಲ್ಲೇ ಗಾದೆಯಿತ್ತು. ಅಂಥ ಊರಲ್ಲಿ ಈಗ ಇಗರ್ಜಿಗಳು, ಅಂದರೆ ಚರ್ಚುಗಳು ಮಾತ್ರ ನಿಂತಿವೆ.

ನಾವು ಉತ್ತರ ಕನ್ನಡದವರಿಗೆ ಗೋವಾ ದೂರವೇನಲ್ಲ. ಕಾರವಾರ ದಾಟಿದರೆ ಮಡಗಾಂವ್, ಆಮೇಲೆ ಪಣಜಿ, ಅಲ್ಲಿಂದ ಮಾಂಡವಿ ನದಿಯ ಪಕ್ಕದಲ್ಲೇ ಸುಮಾರು ಹತ್ತು ಕಿಲೋಮೀಟರ್. ಅಲ್ಲಿನ ಸರ್ಕಾರಿ ಬಸ್ಸಿನ ಹೆಸರೇ ಕದಂಬ. ಗೋವೆಯನ್ನು ಆಳಿದ ಕದಂಬರ ನೆನಪಿಗೆ ಇಟ್ಟ ಹೆಸರು ಅದು. ಬನವಾಸಿ ಸೀಮೆಯಿಂದ ಬಂದವರಿಗೆ ಟಿಕೆಟ್ಟಿನ ಮೇಲೆ ಆ ಹೆಸರು ನೋಡಿದರೆ ಸುಮ್ನೆ ಒಂದು ಖುಷಿ. ಈ ಸಲ ನನ್ನ ಜೊತೆಗೆ ಬಂದವರು ಸೋದರಮಾವ. ಲೋಕೋಪಯೋಗಿ ಇಲಾಖೆಯಲ್ಲಿ ಓವರ್‌ಸಿಯರ್ ಆಗಿ ನಿವೃತ್ತರಾದವರು. ಅವರ ಜೊತೆ ಹೋದರೆ ಒಂದು ತೊಂದರೆ, ಒಂದು ಲಾಭ. ಬಲಿಪೀಠದ ಚಿನ್ನದ ಕೆಲಸ ನೋಡಬೇಕಾದ ಹೊತ್ತಿಗೆ ಅವರು ಗೋಡೆಯ ಬುಡದಲ್ಲಿ ತೇವ ಎಷ್ಟು ಮೇಲೆ ಹತ್ತಿದೆ ಅಂತ ನೋಡುತ್ತಿರುತ್ತಾರೆ. ಆದರೆ ಹಳೇ ಗೋವಾವನ್ನು ನೋಡಬೇಕಾದ್ದೇ ಹಾಗೆ ಅಂತ ನನಗೆ ಈಗ ಅನಿಸುತ್ತಿದೆ.

ನದಿಯ ಕಡೆಯಿಂದ ಶುರು ಮಾಡಿದರೆ ಒಳ್ಳೆಯದು. ಹಿಂದೆ ಲಿಸ್ಬನ್‌ನಿಂದ ಬಂದ ಹೊಸ ವೈಸರಾಯ್ ದೋಣಿಯಿಂದ ಇಳಿದು ಊರೊಳಗೆ ಹೆಜ್ಜೆ ಇಡುತ್ತಿದ್ದ ಕಮಾನು ಅಲ್ಲಿದೆ. ಕಟ್ಟಿಸಿದವನು ವಾಸ್ಕೋ ಡ ಗಾಮನ ಮರಿಮಗ, ವೈಸರಾಯ್ ಫ್ರಾನ್ಸಿಸ್ಕೊ ಡ ಗಾಮ, 16ನೇ ಶತಮಾನದ ಕೊನೆಯಲ್ಲಿ. ಕಮಾನಿನ ಮೇಲೆ ಮುತ್ತಜ್ಜನ ಮೂರ್ತಿಯನ್ನೂ ಇಡಿಸಿದ್ದಾನೆ. ಮೂಲ ಕಮಾನು 1953ರಲ್ಲಿ ಕುಸಿಯಿತು. ಈಗ ಇರುವುದು ಮರುವರ್ಷ ಮತ್ತೆ ಕಟ್ಟಿದ್ದು. ಅದರಡಿಯಲ್ಲಿ ಈಗ ದಿವಾಡಿ ದ್ವೀಪದ ಫೆರ್ರಿಗೆ ಹೋಗುವ ಸ್ಕೂಟರುಗಳು ಓಡಾಡುತ್ತವೆ. ಕಮಾನು ದಾಟಿ ಸ್ವಲ್ಪ ಮುಂದೆ ಹೋದರೆ ಎಡಗಡೆ ಸೇಂಟ್ ಕಜೆಟನ್ ಚರ್ಚಿನ ಆವರಣ. ಅಲ್ಲಿ ಹುಲ್ಲಿನ ನಡುವೆ ಒಂದು ಬಾಗಿಲವಾಡ ಮಾತ್ರ ನಿಂತಿದೆ. ಹಿಂದೆ ಗೋಡೆ ಇಲ್ಲ, ಮೇಲೆ ಚಾವಣಿ ಇಲ್ಲ. ಕಪ್ಪು ಕಲ್ಲಿನ ಕಂಬ, ಅಡ್ಡಪಟ್ಟಿ, ಕೆತ್ತನೆ. ನೋಡಿದರೆ ನಮ್ಮ ಕಡೆಯ ಯಾವುದೋ ದೇವಸ್ಥಾನದ್ದು ಅನಿಸುತ್ತದೆ. ಇದು ಬಿಜಾಪುರದ ಆದಿಲಶಾಹಿಗಳ ಅರಮನೆಯ ಬಾಗಿಲು ಎಂದು ಬೋರ್ಡ್ ಹೇಳುತ್ತದೆ.

ಪೋರ್ಚುಗೀಸರು ಬರುವ ಮೊದಲು ಗೋವಾ ಬಿಜಾಪುರದ ಬಂದರು. ಅರಬ್ ಕುದುರೆಗಳು ಇಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. 1510ರಲ್ಲಿ ಪೋರ್ಚುಗೀಸ್ ಗವರ್ನರ್ ಅಫೊನ್ಸೊ ಡ ಅಲ್ಬುಕರ್ಕ್ ಬೇರೆ ಕಡೆ ದಂಡೆತ್ತಿ ಹೊರಟಿದ್ದ. ಅವನನ್ನು ಗೋವಾದ ಕಡೆ ತಿರುಗಿಸಿದವನು ನಮ್ಮ ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸ್ ಬರಹಗಳಲ್ಲಿ ಅವನು ತಿಮೋಜ. ಸಮುದ್ರದ ಮೇಲೆ ದೋಣಿಗಳ ಪಡೆ ಇಟ್ಟುಕೊಂಡಿದ್ದವನು, ವಿಜಯನಗರದ ಕಡೆಯವನು, ಬಿಜಾಪುರದವರನ್ನು ಕಂಡರೆ ಆಗದವನು. ಗೋವಾದ ಕಾವಲು ಈಗ ಸಡಿಲವಾಗಿದೆ, ಬನ್ನಿ ಅಂದ. ವರ್ಷದ ಮೊದಲಲ್ಲಿ ಊರು ಸುಲಭವಾಗಿ ಕೈಗೆ ಬಂತು. ಮೇ ಹೊತ್ತಿಗೆ ಬಿಜಾಪುರದ ಸೈನ್ಯ ಬಂದು ಓಡಿಸಿತು. ಮಳೆಗಾಲ ಪೂರ್ತಿ ಅಲ್ಬುಕರ್ಕ್‌ನ ಹಡಗುಗಳು ನದಿಬಾಯಲ್ಲೇ ಸಿಕ್ಕಿಕೊಂಡು ಹಸಿವಿನಲ್ಲಿ ಕಳೆದವು. ನವೆಂಬರ್ 25ರಂದು, ಸಂತ ಕ್ಯಾಥರೀನಳ ಹಬ್ಬದ ದಿನ, ಅವನು ಮತ್ತೆ ಊರು ಗೆದ್ದ. ಆಮೇಲೆ ಊರಿನ ಮುಸ್ಲಿಮರನ್ನು ಕೊಲ್ಲಿಸಿದ. ಅದನ್ನು ತನ್ನ ರಾಜನಿಗೆ ಬರೆದ ಪತ್ರದಲ್ಲಿ ತಾನೇ ಹೇಳಿಕೊಂಡಿದ್ದಾನೆ. ತಿಮ್ಮಯ್ಯನಿಗೆ ಕಂದಾಯ ವಸೂಲಿಯ ಅಧಿಕಾರ ಸಿಕ್ಕಿತು, ಅದು ಹೆಚ್ಚು ದಿನ ಉಳಿಯಲಿಲ್ಲ. ಹೊನ್ನಾವರದಲ್ಲಿ ಅವನ ಬಗ್ಗೆ ಹೆಮ್ಮೆ ಪಡುವವರೂ ಇದ್ದಾರೆ, ಬೈಯುವವರೂ ಇದ್ದಾರೆ. ನನಗೆ ಎರಡೂ ಜಾಸ್ತಿ ಅನಿಸುತ್ತದೆ. 1510ರಲ್ಲಿ ನಿಂತು ಮುಂದಿನ 451 ವರ್ಷದ ಪೋರ್ಚುಗೀಸ್ ಆಳ್ವಿಕೆ ನೋಡುವುದು ಯಾರಿಗೆ ಸಾಧ್ಯವಿತ್ತು?

ಗೆದ್ದ ಜಾಗದ ಹತ್ತಿರ ಅಲ್ಬುಕರ್ಕ್ ಸಂತ ಕ್ಯಾಥರೀನಳ ಹೆಸರಲ್ಲಿ ಒಂದು ಸಣ್ಣ ಗುಡಿ ಕಟ್ಟಿಸಿದ. ಅದು ಈಗಲೂ ಇದೆ. ಹಲವು ಸಲ ತಿದ್ದಿ ಕಟ್ಟಿದ್ದು, ಮೂಲದ್ದು ಎನ್ನುವಂತಿಲ್ಲ. ಪ್ರವಾಸಿಗಳು ಅಲ್ಲಿಗೆ ಹೋಗುವುದು ಕಡಿಮೆ. ಒಳಗೆ ನೋಡಲು ಏನೂ ಇಲ್ಲ.

ಅದರ ಹತ್ತಿರದ ಸೆ ಕ್ಯಾಥೆಡ್ರಲ್ ಮಾತ್ರ ಯಾರನ್ನೂ ಬಿಡುವುದಿಲ್ಲ. ಅದೂ ಸಂತ ಕ್ಯಾಥರೀನಳದ್ದೇ. 1562ರಲ್ಲಿ ಶುರುವಾಗಿ 1619ಕ್ಕೆ ಕಟ್ಟಡ ಮುಗಿಯಿತು. ಒಳಗಿನ ಬಲಿಪೀಠಗಳು ಮುಗಿಯಲು 1652 ಆಯಿತು. ಸುಮಾರು 76 ಮೀಟರ್ ಉದ್ದ, 55 ಮೀಟರ್ ಅಗಲ. ಹೊರಗೆ ಬೆಳ್ಳಗೆ ಸುಣ್ಣ. ಒಳಗೆ ಹೋದರೆ ಮೊದಲು ತಣ್ಣಗಿನ ಗಾಳಿ, ಆಮೇಲೆ ದೂರದಲ್ಲಿ ಗೋಡೆ ಪೂರ್ತಿ ಚಿನ್ನದ ಬಣ್ಣ. ಕ್ಯಾಥರೀನಳ ಕಥೆಯನ್ನು ಮರದಲ್ಲಿ ಕೆತ್ತಿ ಚಿನ್ನದ ರೇಕು ಹಚ್ಚಿದ್ದಾರೆ. ನಾನು ಅಷ್ಟು ಚಿನ್ನವನ್ನು ಒಟ್ಟಿಗೆ ನೋಡಿ ಸುಸ್ತಾಗುವ ಜಾತಿ. ನನಗೆ ಇಷ್ಟವಾದದ್ದು ಹೊರಗಿನ ಮುಖ. ಎರಡು ಗೋಪುರ ಇರಬೇಕಾದ ಕಡೆ ಒಂದೇ ಇದೆ. ಇನ್ನೊಂದು 1776ರಲ್ಲಿ ಬಿತ್ತು. ಮತ್ತೆ ಕಟ್ಟಲೇ ಇಲ್ಲ.

“ಕಟ್ಟಲಿಕ್ಕೆ ಕಲ್ಲಿರಲಿಲ್ಲವಾ?” ಅಂತ ಕೇಳಿದೆ.

“ಕಲ್ಲು ಬೇಕಾದಷ್ಟಿತ್ತು ತಂಗಿ. ದುಡ್ಡಿರಲಿಲ್ಲ” ಅಂದರು ಮಾವ.

ಅದು ನಿಜವೇ. 1776ರ ಹೊತ್ತಿಗೆ ಊರು ಹೆಚ್ಚು ಕಡಿಮೆ ಖಾಲಿಯಾಗಿತ್ತು. ಮಲೇರಿಯಾ, ಕಾಲರಾ ಒಂದಾದ ಮೇಲೊಂದು ಬಂದವು. ಬಾವಿಯ ನೀರು ಕೆಟ್ಟಿತ್ತು. ಡಚ್ಚರು ಸಮುದ್ರದ ವ್ಯಾಪಾರವನ್ನು ಕಿತ್ತುಕೊಂಡಿದ್ದರು. 1759ರಲ್ಲಿ ವೈಸರಾಯ್ ತಾನೇ ಊರು ಬಿಟ್ಟು ಪಣಜಿಗೆ ಹೋದ. ಹೋಗಿ ಉಳಿದದ್ದು ಎಲ್ಲಿ ಗೊತ್ತಾ? ಮಾಂಡವಿ ದಡದಲ್ಲಿದ್ದ ಆದಿಲಶಾಹಿಗಳ ಹಳೆಯ ಅರಮನೆಯಲ್ಲಿ. ಹಳೇ ಗೋವಾ ಗೆದ್ದ ಹೊಸದರಲ್ಲಿ ಗವರ್ನರುಗಳು ಉಳಿದದ್ದೂ ಬಿಜಾಪುರದವರ ಅರಮನೆಯಲ್ಲೇ. ಶುರುವಿಗೂ ಕೊನೆಗೂ ಅದೇ ಮನೆಯವರ ಸೂರು! ಪಣಜಿ ಅಧಿಕೃತವಾಗಿ ರಾಜಧಾನಿಯಾದದ್ದು 1843ರಲ್ಲಿ. ಹೊಸ ಊರು ಕಟ್ಟಲು ಕಲ್ಲು ಬೇಕಿತ್ತು. ಹತ್ತು ಕಿಲೋಮೀಟರ್ ದೂರದಲ್ಲಿ ಕಡಿದು ಚೌಕ ಮಾಡಿಟ್ಟ ಕಲ್ಲು ರಾಶಿ ಬಿದ್ದಿತ್ತು. ಹಳೇ ಗೋವಾದ ಮನೆಗಳು, ಅರಮನೆಗಳು ಹೀಗೆ ಒಂದೊಂದಾಗಿ ನದಿಯ ಮೇಲೆ ಪಣಜಿಗೆ ಹೋದವು. ಪಣಜಿಯ ಯಾವ ಗೋಡೆಯಲ್ಲಿ ಹಳೇ ಗೋವಾದ ಯಾರ ಮನೆ ಇದೆಯೋ!

ಕ್ಯಾಥೆಡ್ರಲ್ಲಿನ ಉಳಿದ ಗೋಪುರದಲ್ಲಿ ಚಿನ್ನದ ಗಂಟೆ ಅಂತ ಕರೆಯುವ ದೊಡ್ಡ ಗಂಟೆ ಇದೆ. ಚಿನ್ನದ್ದೇನಲ್ಲ, ನಾದ ಹಾಗಿದೆ ಅಂತ ಆ ಹೆಸರು. ಗೈಡ್‌ಗಳು ಅದರ ನಾದವನ್ನು ಹೊಗಳಿ ಮುಂದಕ್ಕೆ ಹೋಗುತ್ತಾರೆ. ಆದರೆ ಈ ಚರ್ಚಿನ ಹತ್ತಿರವೇ, ಈಗ ಹುಲ್ಲು ಇರುವ ಜಾಗದಲ್ಲಿ, ಇನ್‌ಕ್ವಿಸಿಷನ್ನಿನ ಮನೆ ಇತ್ತು. 1560ರಲ್ಲಿ ಶುರುವಾದ ಧಾರ್ಮಿಕ ನ್ಯಾಯಾಲಯ ಅದು. ನಡುವೆ ನಾಲ್ಕು ವರ್ಷ ನಿಂತಿದ್ದು ಬಿಟ್ಟರೆ 1812ರ ತನಕ ನಡೆಯಿತು. ಮೊದಲ ಗುರಿ ಯಹೂದಿ ಮೂಲದ ಕ್ರೈಸ್ತರು. ವೈದ್ಯ ಗಾರ್ಸಿಯ ಡ ಓರ್ಟ ನಮ್ಮ ಮೆಣಸು, ಏಲಕ್ಕಿ, ಔಷಧಿ ಗಿಡಗಳ ಬಗ್ಗೆ 1563ರಲ್ಲಿ ಇದೇ ಊರಲ್ಲಿ ಪುಸ್ತಕ ಅಚ್ಚು ಹಾಕಿಸಿದವನು. ಅವನು ಸತ್ತ ಎಷ್ಟೋ ವರ್ಷದ ಮೇಲೆ, 1580ರಲ್ಲಿ, ಮೂಳೆಗಳನ್ನು ಅಗೆದು ತೆಗೆದು ಸುಟ್ಟರು. ಆಮೇಲೆ ಸರದಿ ಸ್ಥಳೀಯ ಕ್ರೈಸ್ತರದ್ದು. ಮತ ಬದಲಿಸಿದ ಮೇಲೂ ಹಳೆಯ ಪದ್ಧತಿ ಬಿಡದವರು ಸಿಕ್ಕಿಬಿದ್ದರು. 1736ರಲ್ಲಿ ಹೊರಟ ಒಂದು ಆಜ್ಞೆಯಲ್ಲಿ ಮದುವೆಯ ಹಾಡು, ಎಲೆ ಅಡಿಕೆ ಕೊಡುವ ಶಾಸ್ತ್ರದಂಥ ಮನೆಯೊಳಗಿನ ಸಂಗತಿಗಳ ಮೇಲೂ ಕಣ್ಣಿಟ್ಟಿದ್ದರು. ಡೆಲ್ಲೊ ಎಂಬ ಫ್ರೆಂಚ್ ವೈದ್ಯ 1670ರ ದಶಕದಲ್ಲಿ ಇಲ್ಲಿ ಸೆರೆಯಲ್ಲಿದ್ದು, ಆಮೇಲೆ ಯುರೋಪಿಗೆ ಹೋಗಿ ಎಲ್ಲವನ್ನೂ ಬರೆದ. ಆ ಕಟ್ಟಡದ ಒಂದು ಕಲ್ಲೂ ಈಗ ಅಲ್ಲಿಲ್ಲ. ಜನ ಆ ಹುಲ್ಲಿನ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಈ ಕಥೆಯ ಇನ್ನೊಂದು ತುದಿ ನಮ್ಮ ಕಡೆಗೇ ಬರುತ್ತದೆ. ದೇವಸ್ಥಾನಗಳನ್ನು ಕೆಡವಲು ಶುರು ಮಾಡಿದಾಗ ಜನ ದೇವರನ್ನು ಹೊತ್ತು ಹೊಳೆ ದಾಟಿದರು. ಕುಟ್ಟಾಳಿಯ ಮಂಗೇಶ, ಕೇಳೋಶಿಯ ಶಾಂತಾದುರ್ಗೆ, ವೆರ್ಣೆಯ ಮಹಾಲಸೆ ಎಲ್ಲರೂ ಫೋಂಡಾ ಕಡೆಗೆ ಬಂದರು. ಅದು ಆಗ ಬಿಜಾಪುರದ ನೆಲ. ಇನ್ನಷ್ಟು ಜನ ದಕ್ಷಿಣಕ್ಕೆ ಹೊರಟು ಅಂಕೋಲೆ, ಕುಮಟೆ, ಹೊನ್ನಾವರ, ಭಟ್ಕಳ, ಮಂಗಳೂರು ಸೇರಿದರು. ಹಿಂದೂ ಕೊಂಕಣಿಗರು ಬಂದ ಹಾಗೇ ಕ್ರೈಸ್ತ ಕೊಂಕಣಿಗರೂ ಬಂದರು. ಒಬ್ಬರಿಗೆ ಮತದ ಕಾಟ, ಇನ್ನೊಬ್ಬರಿಗೆ ಇನ್‌ಕ್ವಿಸಿಷನ್ ಭಯ, ಮತ್ತೊಬ್ಬರಿಗೆ ಬರ, ತೆರಿಗೆ, ಮರಾಠರ ಯುದ್ಧ. ಹೀಗಾಗಿ ಈಗ ಹಳೇ ಗೋವಾದ ಪಾರ್ಕಿಂಗಿನಲ್ಲಿ ನಮ್ಮ ಕಡೆಯ ಎರಡು ಬಗೆಯ ಗಾಡಿಗಳು ಕಾಣುತ್ತವೆ. ಕುಲದೇವರ ದರ್ಶನಕ್ಕೆ ಮಂಗೇಶಿ, ಕವಳೆಗೆ ಹೊರಟವರು ದಾರಿಯಲ್ಲಿ ಇಲ್ಲೂ ಇಳಿಯುತ್ತಾರೆ. ಮಂಗಳೂರಿನ ಕಡೆಯ ಕ್ಯಾಥೊಲಿಕರು ಹರಕೆ ತೀರಿಸಲೆಂದೇ ಬರುತ್ತಾರೆ. ಎರಡೂ ಗಾಡಿಯ ಹೆಂಗಸರು ಎಳನೀರಿನವನ ಹತ್ತಿರ ಕೊಂಕಣಿಯಲ್ಲಿ ಚೌಕಾಸಿ ಮಾಡುತ್ತಾರೆ. ಆಮೇಲೆ ಮಂಗೇಶಿಗೆ ಹೋಗಿ ನೋಡಿ. ಆ ದೇವಸ್ಥಾನದ ಗುಮ್ಮಟ, ಬೆಳ್ಳಗಿನ ಎತ್ತರದ ದೀಪಸ್ತಂಭ, ಗೋಡೆಯ ಅರೆಕಂಬಗಳು ಇಗರ್ಜಿಯ ಕೆಲಸ ಮಾಡಿದವರ ಕೈಯನ್ನೇ ತೋರಿಸುತ್ತವೆ. ಕೆಲಸಗಾರರು ದೇವರನ್ನು ನೋಡಿ ಕೈ ಬದಲಿಸಲಿಲ್ಲ.

ಕ್ಯಾಥೆಡ್ರಲ್ಲಿನ ಪಕ್ಕದ ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಚರ್ಚಿನಲ್ಲಿ ನೆಲ ನೋಡಿಕೊಂಡು ನಡೆಯಬೇಕು. ನೆಲವೆಲ್ಲ ಗೋರಿಕಲ್ಲು. ಲಾಂಛನ, ತಲೆಬುರುಡೆ, ಪೋರ್ಚುಗೀಸ್ ಅಕ್ಷರ. ಎಷ್ಟೋ ಜನರ ಕಾಲು ಸವೆಸಿ ಸವೆಸಿ ಹೆಸರುಗಳು ಅಳಿಸಿಹೋಗಿವೆ. 1661ರಲ್ಲಿ ಚರ್ಚನ್ನು ಹೊಸದಾಗಿ ಕಟ್ಟಿದಾಗ ಹಳೆಯದರ ಕಪ್ಪು ಕಲ್ಲಿನ ಬಾಗಿಲನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಹಗ್ಗ ತಿರುಚಿದ ಹಾಗೆ ಕೆತ್ತಿದ ಆ ಬಾಗಿಲನ್ನು ತಪ್ಪದೆ ನೋಡಿ. ಪಕ್ಕದ ಸನ್ಯಾಸಿಗಳ ಮಠದಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ. ಮೇಲಿನ ಹಜಾರದಲ್ಲಿ ಗವರ್ನರುಗಳ, ವೈಸರಾಯ್‌ಗಳ ಚಿತ್ರಗಳು ಸಾಲಾಗಿ. 1547ರಲ್ಲಿ ಶುರುವಾದ ಪದ್ಧತಿ. ಮೊದಲ ಚಿತ್ರಗಳನ್ನು ಬರೆದದ್ದು ಒಬ್ಬ ಸ್ಥಳೀಯ ಕಲಾವಿದ. ಬರೆಸಿಕೊಂಡವರ ಹೆಸರೆಲ್ಲ ಉಳಿದಿದೆ, ಬರೆದವನದ್ದಿಲ್ಲ. ಕೆಳಗೆ ಅಲ್ಬುಕರ್ಕ್‌ನ ಮೂರ್ತಿ, ಕವಿ ಕಮೋಯಿಶ್‌ನ ಕಂಚಿನ ಮೂರ್ತಿ. ಕಮೋಯಿಶ್ ಮೊದಲು ಹೊರಗೆ ಚರ್ಚುಗಳ ನಡುವೆ ನಿಂತಿದ್ದ. ಅವನನ್ನು ಅಲ್ಲಿ ನಿಲ್ಲಿಸಿದ್ದು 1960ರಲ್ಲಿ. ಮರುವರ್ಷ ಡಿಸೆಂಬರಿನಲ್ಲಿ ಪೋರ್ಚುಗೀಸರು ಗೋವಾ ಬಿಟ್ಟು ಹೊರಟರು.

ಇನ್ನು ರಸ್ತೆ ದಾಟಿದರೆ ಬಾಂ ಜೀಸಸ್ ಬೆಸಿಲಿಕಾ. ಹಳೇ ಗೋವಾ ಅಂದರೆ ಹೆಚ್ಚಿನವರಿಗೆ ಇದೊಂದೇ. 1594ರಲ್ಲಿ ಶುರು, 1605ರಲ್ಲಿ ಪ್ರತಿಷ್ಠೆ. ಜೆಸ್ವಿಟ್ ಎಂಬ ಪಂಗಡದ ಪಾದ್ರಿಗಳು ಕಟ್ಟಿಸಿದ್ದು. ಕಂಬ, ಕಿಟಕಿಗೆ ಬಳಸಿದ ಕಪ್ಪು ಕಲ್ಲನ್ನು ಮುಂಬೈ ಆಚೆಯ ವಸಾಯಿಯಿಂದ ಹಡಗಿನಲ್ಲಿ ತಂದರು. ಗೋಡೆಗೆ ಮಾತ್ರ ಇಲ್ಲಿನದೇ ಚಿರೇಕಲ್ಲು, ಅಂದರೆ ಕೆಂಪು ಜಂಬಿಟ್ಟಿಗೆ. ಸುತ್ತಲಿನ ಎಲ್ಲ ಚರ್ಚೂ ಬಿಳಿ, ಇದೊಂದು ಕೆಂಪು. ಈ ಕೆಂಪಿನ ಬಗ್ಗೆ ಆಮೇಲೆ ಹೇಳುತ್ತೇನೆ, ಮಾವನ ತಕರಾರು ಇರುವುದೇ ಅಲ್ಲಿ.

ಒಳಗೆ ಬಲಗಡೆ ಎತ್ತರದಲ್ಲಿ ಬೆಳ್ಳಿಯ ಪೆಟ್ಟಿಗೆ. ಅದರೊಳಗೆ ಸಂತ ಫ್ರಾನ್ಸಿಸ್ ಝೇವಿಯರ್ ಶರೀರ. ಗೋವಾದವರಿಗೆ ‘ಗೊಂಯ್ಚೊ ಸಾಯಬ್’, ಗೋವಾದ ಒಡೆಯ. ಝೇವಿಯರ್ ಇಲ್ಲಿಗೆ ಬಂದದ್ದು 1542ರಲ್ಲಿ. ಇಲ್ಲಿ ಉಳಿದದ್ದು ಕಡಿಮೆ, ತಿರುಗಿದ್ದೇ ಜಾಸ್ತಿ. ಮಲಾಕ್ಕ, ಜಪಾನ್ ಎಲ್ಲ ಸುತ್ತಿ 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ಒಂದು ದ್ವೀಪದಲ್ಲಿ ತೀರಿಕೊಂಡರು. ಹೂತ ಶರೀರ ಕೆಡಲಿಲ್ಲವೆಂದು ಮೊದಲು ಮಲಾಕ್ಕಕ್ಕೆ, 1554ರಲ್ಲಿ ಗೋವಾಕ್ಕೆ ತಂದರು. ದರ್ಶನಕ್ಕೆ ಬಂದ ಒಬ್ಬ ಹೆಂಗಸು ಭಕ್ತಿ ತಡೆಯಲಾರದೆ ಕಾಲಿನ ಬೆರಳನ್ನೇ ಕಚ್ಚಿಕೊಂಡು ಹೋದಳು ಅಂತ ಕಥೆ ಇದೆ. 1614ರಲ್ಲಿ ಬಲಗೈಯ ಒಂದು ಭಾಗ ರೋಮಿಗೆ ಹೋಯಿತು. ಬೆಳ್ಳಿ ಪೆಟ್ಟಿಗೆ ಗೋವಾದ ಬೆಳ್ಳಿ ಕೆಲಸದವರದ್ದು, 1636-37ರ ಸುಮಾರಿನದು. ಕೆಳಗಿನ ಅಮೃತಶಿಲೆಯ ಪೀಠ ಇಟಲಿಯದ್ದು. ಟಸ್ಕನಿಯ ದೊರೆ ಮೂರನೇ ಕೊಸಿಮೊ ಕಳಿಸಿದ್ದು. ಸಂತರ ತಲೆಯ ಕೆಳಗಿದ್ದ ದಿಂಬು ಅವನಿಗೆ ಸಿಕ್ಕಿತ್ತು, ಅದಕ್ಕೆ ಪ್ರತಿಯಾಗಿ ಇದು. ಫ್ಲಾರೆನ್ಸಿನ ಶಿಲ್ಪಿ ಫೊಗ್ಗಿನಿ ಹತ್ತು ವರ್ಷ ಕೆಲಸ ಮಾಡಿದ. 1698ರಲ್ಲಿ ಇಲ್ಲಿ ಜೋಡಿಸಿದರು. ಒಂದು ದಿಂಬಿಗೆ ಇಷ್ಟು ಕಲ್ಲು! ಮಾವ ಅದರ ಸಾಗಣೆ ಖರ್ಚಿನ ಬಗ್ಗೆ ಯೋಚಿಸುತ್ತಾ ನಿಂತರು.

ಇದೇ ಝೇವಿಯರ್ 1546ರಲ್ಲಿ ಪೋರ್ಚುಗಲ್ ರಾಜನಿಗೆ ಪತ್ರ ಬರೆದು, ಇಲ್ಲಿಗೆ ಇನ್‌ಕ್ವಿಸಿಷನ್ ಬೇಕು ಎಂದು ಕೇಳಿದವರು. ಅದು ಬಂದದ್ದು ಅವರು ಸತ್ತ ಎಂಟು ವರ್ಷದ ಮೇಲೆ. ಈ ಪತ್ರ ಗೊತ್ತಿದ್ದವರಿಗೆ ಆ ಪೆಟ್ಟಿಗೆಯ ಮುಂದೆ ನಿಲ್ಲುವುದು ಸುಲಭವಲ್ಲ. ಆದರೆ ಅಲ್ಲಿ ನಿಂತವರಲ್ಲಿ ಯಾರೂ ಆ ಪತ್ರದ ಸಲುವಾಗಿ ಬಂದವರಲ್ಲ. ಹೊರಗೆ ಮೇಣದ ಬತ್ತಿ, ಚೆಂಡುಹೂವಿನ ಹಾರ ಮಾರುವವರ ಬುಟ್ಟಿಯಲ್ಲಿ ಮೇಣದ ಕೈ, ಮೇಣದ ಕಾಲು, ಮೇಣದ ಮಗು ಇರುತ್ತವೆ. ಕಾಲು ನೋವಿನವರು ಕಾಲು ಒಪ್ಪಿಸುತ್ತಾರೆ, ಮಗು ಬೇಕಾದವರು ಮಗು. ನಮ್ಮ ದೇವಸ್ಥಾನಗಳಲ್ಲಿ ಬೆಳ್ಳಿಯ ಕಣ್ಣು, ಬೆಳ್ಳಿಯ ಕಾಲು ಒಪ್ಪಿಸುವುದನ್ನು ನೋಡಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಕೊಳ್ಳುವವರಲ್ಲಿ ಕುಂಕುಮ ಇಟ್ಟವರೂ ಇರುತ್ತಾರೆ. ಪ್ರತಿವರ್ಷ ಡಿಸೆಂಬರ್ 3ರಂದು ಫೆಸ್ತ್, ಅಂದರೆ ಸಂತರ ಹಬ್ಬ. ಅದರ ಹಿಂದಿನ ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಬೆಳಿಗ್ಗೆ ಕತ್ತಲಲ್ಲೇ ಹಳ್ಳಿಗಳಿಂದ ನಡೆದು ಬರುತ್ತಾರೆ. ಜಾತ್ರೆಯಲ್ಲಿ ಖಾಜೆ, ಹುರಿದ ಕಡಲೆ, ಪಾತ್ರೆ, ಪ್ಲಾಸ್ಟಿಕ್ ಸಾಮಾನು ಎಲ್ಲ ಸಿಗುತ್ತವೆ. ಹತ್ತು ವರ್ಷಕ್ಕೊಮ್ಮೆ ಪೆಟ್ಟಿಗೆಯನ್ನು ಇಳಿಸಿ ಮೆರವಣಿಗೆಯಲ್ಲಿ ಕ್ಯಾಥೆಡ್ರಲ್ಲಿಗೆ ಒಯ್ದು ದರ್ಶನಕ್ಕೆ ಇಡುತ್ತಾರೆ. ಕಳೆದ ಸಲ 2024ರ ನವೆಂಬರ್ 21ರಿಂದ 2025ರ ಜನವರಿ 5ರ ತನಕ ಇತ್ತು.

1759ರಲ್ಲಿ ಪೋರ್ಚುಗಲ್ ಸರ್ಕಾರ ಜೆಸ್ವಿಟರನ್ನೇ ಓಡಿಸಿತು. ಕಟ್ಟಿಸಿದ ಪಾದ್ರಿಗಳು ಹೋದರು. ಚರ್ಚು ಬೀಳಲಿಲ್ಲ. ಒಳಗೆ ಸಾಯಬ್ ಇದ್ದರು, ಜನ ಬರುತ್ತಿದ್ದರು, ಮಾಡು ಸೋರಿದರೆ ಯಾರಾದರೂ ಹೆಂಚು ಬದಲಿಸುತ್ತಿದ್ದರು. ಇದರ ಬೆಲೆ ಗೊತ್ತಾಗಬೇಕಾದರೆ ಐದೇ ನಿಮಿಷದ ದಾರಿ, ಪಕ್ಕದ ಗುಡ್ಡ ಹತ್ತಬೇಕು.

ಮೊಂತೆ ಸಾಂತೊ ಅಂತ ಆ ಗುಡ್ಡದ ಹೆಸರು. ಅಲ್ಲಿ ಸಂತ ಅಗಸ್ಟಿನರ ಚರ್ಚಿನ ಗೋಪುರದ ಅರ್ಧ ನಿಂತಿದೆ. 46 ಮೀಟರ್ ಎತ್ತರ, ಬರೀ ಚಿರೇಕಲ್ಲು. 17ನೇ ಶತಮಾನ ಶುರುವಾಗುವ ಹೊತ್ತಿಗೆ ಕಟ್ಟಿದ್ದು. ಬಾಂ ಜೀಸಸ್‌ಗಿಂತ ದೊಡ್ಡದಿತ್ತು. 1830ರ ದಶಕದಲ್ಲಿ ಪೋರ್ಚುಗಲ್ ಎಲ್ಲ ಸನ್ಯಾಸಿ ಪಂಗಡಗಳನ್ನೂ ರದ್ದು ಮಾಡಿತು. ಅಗಸ್ಟಿನ ಪಂಗಡದವರು ಬೀಗ ಹಾಕಿ ಹೋದರು. 1842ರಲ್ಲಿ ಒಳಗಿನ ಕಮಾನು ಚಾವಣಿ ಕುಸಿಯಿತು. ಗೋಪುರದಲ್ಲಿದ್ದ ಗಂಟೆಯನ್ನು ಇಳಿಸಿದರು, ಅದು 1871ರಿಂದ ಪಣಜಿಯ ಇಮ್ಯಾಕುಲೇಟ್ ಕನ್ಸೆಪ್ಷನ್ ಚರ್ಚಿನಲ್ಲಿದೆ. ಅದೇ, ಸಿನಿಮಾಗಳಲ್ಲಿ ಕಾಣುವ ಮೆಟ್ಟಿಲಿನ ಬಿಳಿ ಚರ್ಚು. 1931ರಲ್ಲಿ ಮುಂಭಾಗ ಮತ್ತು ಅರ್ಧ ಗೋಪುರ ಬಿತ್ತು. ಬೀಗ ಹಾಕಿ ಏಳೇ ವರ್ಷಕ್ಕೆ ಚಾವಣಿ ಹೋಯಿತು ಅನ್ನುವುದನ್ನು ಮಾವ ಎರಡೆರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. “ಏಳು ಮಳೆಗಾಲ” ಅಂದರು.

ಆ ಅವಶೇಷಗಳಲ್ಲಿ ಜಾರ್ಜಿಯಾ ದೇಶದ ರಾಣಿಯೊಬ್ಬಳ ಕಥೆಯೂ ಸಿಕ್ಕಿದೆ. ಕೆತೆವಾನ್ ಅವಳ ಹೆಸರು. ಪರ್ಷಿಯಾದ ಷಾ ಅಬ್ಬಾಸ್ ಮತ ಬದಲಿಸು ಎಂದ, ಅವಳು ಒಪ್ಪಲಿಲ್ಲ. 1624ರಲ್ಲಿ ಶಿರಾಜ್‌ನಲ್ಲಿ ಹಿಂಸಿಸಿ ಕೊಂದರು. ಅಲ್ಲಿದ್ದ ಅಗಸ್ಟಿನ ಪಂಗಡದ ಪಾದ್ರಿಗಳು ಅವಳ ಮೂಳೆಗಳನ್ನು ಕದ್ದು ತಂದರು. ಅದರಲ್ಲಿ ಒಂದು ಭಾಗ 1627ರಲ್ಲಿ ಗೋವಾಕ್ಕೆ ಬಂತು. ಮಠದ ಸಭಾಮಂದಿರದಲ್ಲಿ, ಕಿಟಕಿಯ ಹತ್ತಿರ, ಕಲ್ಲಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ ಎಂದು ಅವರ ದಾಖಲೆಯಲ್ಲಿತ್ತು. ಆದರೆ ಕಿಟಕಿ ಯಾವುದು, ಕೋಣೆ ಯಾವುದು? ಮೇಲೆ ಆಳೆತ್ತರ ಕಲ್ಲುಮಣ್ಣು. ಪುರಾತತ್ವ ಇಲಾಖೆಯವರು ವರ್ಷಗಟ್ಟಲೆ ಅಗೆದರು. 2005ರ ಸುಮಾರಿಗೆ ಒಂದು ತೋಳಿನ ಮೂಳೆ ಸಿಕ್ಕಿತು. ಹೈದರಾಬಾದಿನ ಪ್ರಯೋಗಾಲಯದಲ್ಲಿ ಡಿಎನ್‌ಎ ಪರೀಕ್ಷೆ ನಡೆದು, ಈ ಬಗೆಯದು ಭಾರತದವರಲ್ಲಿ ಕಾಣುವುದಿಲ್ಲ, ಜಾರ್ಜಿಯಾದವರಲ್ಲಿದೆ ಎಂದು 2013ರಲ್ಲಿ ಗೊತ್ತಾಯಿತು. 2021ರಲ್ಲಿ ಭಾರತ ಸರ್ಕಾರ ಒಂದು ಭಾಗವನ್ನು ಜಾರ್ಜಿಯಾಕ್ಕೆ ಒಪ್ಪಿಸಿತು. ಬೇರೆಯವರ ಮತ ಬದಲಿಸಲು ಒತ್ತಾಯ ನಡೆದ ಊರಲ್ಲೇ, ಮತ ಬದಲಿಸಲು ಒಪ್ಪದೆ ಸತ್ತವಳನ್ನು ಸಂತಳೆಂದು ಕಾಪಾಡಿದ್ದರು. ಇದನ್ನು ಅಲ್ಲಿನ ಬೋರ್ಡ್ ಹೇಳುವುದಿಲ್ಲ.

ಗುಡ್ಡದ ಅಂಚಿನಲ್ಲಿ ರೋಸರಿ ಚರ್ಚ್ ಇದೆ. ಈಗ ನಿಂತಿರುವುದರಲ್ಲಿ ತುಂಬ ಹಳೆಯದು, 1540ರ ದಶಕದ್ದು. ಯುದ್ಧದ ದಿನ ಅಲ್ಬುಕರ್ಕ್ ಇಲ್ಲಿಂದ ನೋಡುತ್ತಿದ್ದ ಎನ್ನುತ್ತಾರೆ. ಹಳೇ ಗೋವಾದಲ್ಲಿ ಒಂದೇ ಚರ್ಚು ನೋಡಲು ಸಮಯವಿದೆ ಅಂದರೆ ನಾನು ಇದಕ್ಕೇ ಕಳಿಸುತ್ತೇನೆ. ಕೋಟೆಯ ಬುರುಜಿನಂಥ ಗುಂಡನೆ ಗೋಡೆ, ಸಣ್ಣ ಕಿಟಕಿ, ಬಿಳಿ ಸುಣ್ಣ. ಒಳಗೆ ಕಾತರೀನ ಎಂಬ ಪೋರ್ಚುಗೀಸ್ ಹೆಂಗಸಿನ ಗೋರಿ. ಅದರ ಕೆತ್ತನೆ ಪೂರ್ತಿ ಗುಜರಾತಿನ ಕಡೆಯದು, ಬಳ್ಳಿ, ಹೂವು, ಕಂಬ. ನಾವು ಹೋದಾಗ ಒಂದು ನಾಯಿ ಬಿಟ್ಟರೆ ಯಾರೂ ಇರಲಿಲ್ಲ.

ಈಗ ಆ ಕೆಂಪಿನ ವಿಷಯ. ಬಾಂ ಜೀಸಸ್‌ನ ಹಳೆಯ ಫೋಟೋಗಳನ್ನು ನೋಡಿ. ಅದೂ ಬಿಳಿಯೇ. 1950ರ ದಶಕದಲ್ಲಿ ಪೋರ್ಚುಗೀಸ್ ಸರ್ಕಾರದ ಒಬ್ಬ ವಾಸ್ತುಶಿಲ್ಪಿ ಹೊರಗಿನ ಗಾರೆಯನ್ನೆಲ್ಲ ಕೆತ್ತಿ ತೆಗೆಸಿದ. ಕಲ್ಲು ಕಂಡರೆ ಹಳೆಯದಾಗಿ, ಗಂಭೀರವಾಗಿ ಕಾಣುತ್ತದೆ ಅನ್ನುವ ರುಚಿ ಅದು. ಸಾಮ್ರಾಜ್ಯದ ಬೇರು ಎಷ್ಟು ಆಳವಾಗಿದೆ ಅಂತ ತೋರಿಸುವ ಅಗತ್ಯವೂ ಆಗ ಇತ್ತು. ಇಂದು ಪೋಸ್ಟ್‌ಕಾರ್ಡಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ಕಾಣುವ ಆ ‘ಪುರಾತನ’ ಕೆಂಪಿಗೆ ನಮ್ಮ ಮಾವನಿಗಿಂತ ವಯಸ್ಸು ಕಡಿಮೆ.

ಚಿರೇಕಲ್ಲಿನ ಸ್ವಭಾವ ಕರಾವಳಿಯವರಿಗೆ ಗೊತ್ತು. ಅಗೆಯುವಾಗ ಮೆತ್ತಗೆ, ಗಾಳಿ ತಾಗಿದ ಮೇಲೆ ಗಟ್ಟಿ. ಆದರೆ ಮೈತುಂಬ ತೂತು, ನೀರು ಕುಡಿಯುತ್ತದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಅದಕ್ಕೇ ಹಿಂದಿನವರು ಚಿಪ್ಪು ಸುಟ್ಟು ಸುಣ್ಣ ಮಾಡಿ ಗಾರೆ ಹಚ್ಚಿ, ಮಳೆ ಮುಗಿದ ಮೇಲೆ ವರ್ಷ ವರ್ಷ ಬಳಿಯುತ್ತಿದ್ದರು. ನಮ್ಮ ಅಘನಾಶಿನಿ ಹೊಳೆಯ ಚಿಪ್ಪಿನಿಂದ ಮಾಡಿದ ಸುಣ್ಣವೂ ಹೀಗೇ ಊರ ಮನೆಗಳಿಗೆ ಹೋಗುತ್ತಿತ್ತು. ಮಳೆಗಾಲಕ್ಕೆ ಪಶ್ಚಿಮದ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರು. ಹಳೇ ಗೋವಾದ ಉಳಿದ ಚರ್ಚುಗಳು ಇಂದಿಗೂ ಬೆಳ್ಳಗಿರುವುದು ಶೋಕಿಗಲ್ಲ. ಬಾಂ ಜೀಸಸ್ ಹತ್ತಿರ ಹೋಗಿ ಗೋಡೆ ನೋಡಿದರೆ ಕಲ್ಲಿನ ಮೂಲೆಗಳು ಸವೆದು ದುಂಡಗಾಗಿವೆ, ಅಲ್ಲಲ್ಲಿ ಪಾಚಿ ಹತ್ತಿದೆ.

“ಯಾರಾದರೂ ನನ್ನ ಕೈಕೆಳಗೆ ಹೀಗೆ ಬಿಟ್ಟಿದ್ದರೆ ಬಿಲ್ಲು ಪಾಸ್ ಮಾಡ್ತಿರಲಿಲ್ಲ” ಅಂದರು ಮಾವ.

“ಆದ್ರೆ ಜನರಿಗೆ ಕೆಂಪೇ ಇಷ್ಟ ಅಲ್ವಾ ಮಾವ?”

“ಜನ ಒಂದು ದಿನ ನೋಡಿ ಹೋಗ್ತಾರೆ. ಮಳೆ ನಾಲ್ಕು ತಿಂಗಳು ಇರ್ತದೆ.”

ಮತ್ತೆ ಗಾರೆ ಹಚ್ಚಬೇಕೋ ಬೇಡವೋ ಎಂಬ ಚರ್ಚೆ ಕೆಲವು ವರ್ಷಗಳಿಂದ ಗೋವಾದಲ್ಲಿ ನಡೆದಿದೆ. ಬೇಡ ಎನ್ನುವವರ ಮಾತಲ್ಲೂ ಹುರುಳಿದೆ. ಎರಡು ತಲೆಮಾರು ಕೆಂಪು ಇಗರ್ಜಿಯನ್ನೇ ನೋಡಿ ಬೆಳೆದಿದೆ. ಅವರ ಮದುವೆ ಫೋಟೋ, ಮನೆಯ ಕ್ಯಾಲೆಂಡರ್ ಎಲ್ಲದರಲ್ಲೂ ಕೆಂಪು. ಎಪ್ಪತ್ತು ಮಳೆಗಾಲ ತಿಂದ ಕಲ್ಲಿಗೆ ಗಾರೆ ಹಿಡಿಯುವುದೂ ಸುಲಭವಲ್ಲ. ಸಿಮೆಂಟ್ ಹಚ್ಚಿದರೆ ಒಳಗಿನ ತೇವ ಹೊರಗೆ ಬರದೆ ಕಲ್ಲು ಇನ್ನೂ ಬೇಗ ಹಾಳಾಗುತ್ತದೆ, ಹಚ್ಚುವುದಾದರೆ ಸುಣ್ಣವೇ ಆಗಬೇಕು, ಅದನ್ನು ಸರಿಯಾಗಿ ಅರೆಯುವ ಕೈ ಈಗ ಕಡಿಮೆ. ಆದರೂ ನಾನು ಹಚ್ಚಿ ಎನ್ನುವವರ ಕಡೆ. ಅಗಸ್ಟಿನರ ಗುಡ್ಡ ಹತ್ತಿ ಇಳಿದ ಮೇಲೆ ಬೇರೆ ಕಡೆ ನಿಲ್ಲಲು ನನಗೆ ಆಗುವುದಿಲ್ಲ. ಸಾಯಬ್‌ರ ಮುಂದಿನ ದರ್ಶನಕ್ಕೆ ಇನ್ನೂ ವರ್ಷಗಳಿವೆ. ಅಷ್ಟರಲ್ಲಿ ಎಲ್ಲೋ ಹಿಂದಿನ ಗೋಡೆಯ ಒಂದು ತುಂಡಿಗೆ ಹಚ್ಚಿ ಎರಡು ಮಳೆಗಾಲ ನೋಡಲಿ, ನಿಂತರೆ ಮುಂದುವರಿಸಲಿ. ಮಾವ ಮಾತ್ರ ಇದಕ್ಕೂ ಒಪ್ಪಲಿಲ್ಲ. ಚರ್ಚಿನ ಮುಖ ಇರುವುದೇ ಪಶ್ಚಿಮಕ್ಕೆ, ಮಳೆ ಹೊಡೆಯುವುದೂ ಅಲ್ಲಿಂದಲೇ, ಮೊದಲು ಅದನ್ನು ಮಾಡಿ, ಫೋಟೋ ತೆಗೆಯುವವರು ಬೇಕಾದರೆ ಹಿಂದಿನ ಗೋಡೆಗೆ ಹೋಗಲಿ ಎಂದು ಪಣಜಿ ಬಸ್ಸು ಬರುವ ತನಕ ವಾದಿಸಿದರು.